ಮಹಡಿ ಮೇಲಿನ ಎಕ್ಸ್‌ಟೆನ್ಷನ್

ನನ್ನ ಹೆಂಡತಿ ಕೌಸರ್ ಸುಳ್ಳು ಹೇಳುವುದಿಲ್ಲ. ಮದುವೆಗೆ ಮುಂಚೆ ಅವಳ ಮನೆಯವರು ಈ ಮಾತು ಹೇಳಿದಾಗ ನನಗೆ ಸಂತೋಷವೇ ಆಗಿತ್ತು. ಆಗ ನಮ್ಮಲ್ಲಿ ಫೋನ್ ಇರಲಿಲ್ಲ.

ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ನನ್ನದು, ಚಳ್ಳಕೆರೆಯಲ್ಲಿ. ಕೆಳಗೆ ಅಂಗಡಿ, ಮಹಡಿಯಲ್ಲಿ ಮನೆ, ಎರಡಕ್ಕೂ ಸೇರಿ ಒಂದೇ ಲೈನು. ಗಂಟೆ ಎರಡೂ ಕಡೆ ಹೊಡೆಯುತ್ತಿತ್ತು. ನನ್ನ ಕೈಯಲ್ಲಿ ಸದಾ ತಂತಿ ಇರುತ್ತಿದ್ದುದರಿಂದ ಕೌಸರ್ ಮೊದಲು ಎತ್ತುತ್ತಿದ್ದಳು. ತಂತಿ ಸುತ್ತುವವನು ಮಾತನ್ನೂ ಸ್ವಲ್ಪ ಸುತ್ತಬೇಕಾಗುತ್ತದೆ. (ಜನ ಅದನ್ನು ರೀಲು ಬಿಡುವುದು ಅನ್ನುತ್ತಾರೆ. ನಮ್ಮ ಕಸುಬಿನಲ್ಲಿ ರೀಲು ಅಂದರೆ ಬರೀ ಸಾಮಾನು.) ಗೌರಸಮುದ್ರದ ಓಬಯ್ಯನಿಗೆ, ನಿಮ್ಮ ಮೋಟರು ಕೆಲಸದಲ್ಲೇ ಇದೆ, ನಾಳೆ ಬನ್ನಿ ಎಂದು ಬೆಳಿಗ್ಗೆ ನಾನು ಹೇಳಿದ್ದೆ. ಮಧ್ಯಾಹ್ನ ಅವನು ಮತ್ತೆ ಫೋನ್ ಮಾಡಿದ. ಕೌಸರ್ ಬಾಲ್ಕನಿಯಿಂದ ಬಗ್ಗಿ ನೋಡಿ, ಕಂಡದ್ದನ್ನು ಕಂಡಹಾಗೆ ಹೇಳಿದಳು.

“ನಿಮ್ಮ ಮೋಟ್ರು ಬೇವಿನ ಮರದ ಕೆಳಗೈತೆ ಅಣ್ಣಾ. ಅದರ ಮೇಲೆ ಬೆಕ್ಕು ಮಲಗೈತೆ. ಇನ್ನೂ ಬಿಚ್ಚೇ ಇಲ್ಲ.”

ಸಂಜೆ ಓಬಯ್ಯ ಬಂದು, ಬೆಕ್ಕನ್ನು ಎಬ್ಬಿಸಿ, ಮೋಟರನ್ನು ಎದುರಿನ ಅಂಗಡಿಗೆ ಹೊತ್ತುಕೊಂಡು ಹೋದ. ನಾನು ಮೆಟ್ಟಿಲು ಹತ್ತಿ ಹೋಗಿ, ಹಾಗೇಕೆ ಹೇಳಿದೆ ಎಂದು ಕೌಸರ್‌ಳನ್ನು ಕೇಳಿದೆ.

“ಅವರು ಕೇಳಿದ್ರು, ನಾನು ನೋಡಿ ಹೇಳ್ದೆ.”

“ಕೆಲಸ ನಡೀತಾ ಐತೆ ಅನ್ನಬೇಕಿತ್ತು.”

“ಯಾರು ಮಾಡ್ತಿದ್ರು? ಬೆಕ್ಕಾ?”

ಮರುವಾರವೇ ದಾವಣಗೆರೆಗೆ ಹೋಗಿ, ದೊಡ್ಡ ಆಫೀಸುಗಳಲ್ಲಿ ಇರುತ್ತದಲ್ಲ, ಅಂಥ ಫೋನ್ ಪೆಟ್ಟಿಗೆಯೊಂದನ್ನು ತಂದೆ. ಅದು 2002ನೇ ಇಸವಿ. ನಮ್ಮ ಬೀದಿಯಲ್ಲಿ ಅಂಥದ್ದು ಮೊದಲನೆಯದು. ಬಂದ ಕರೆಗಳನ್ನೆಲ್ಲ ಪೆಟ್ಟಿಗೆಯೇ ಎತ್ತಿ ನನ್ನ ಧ್ವನಿಯನ್ನು ಕೇಳಿಸುತ್ತಿತ್ತು. “ನಮಸ್ಕಾರ. ತಾವು ಕರೆ ಮಾಡಿರುವುದು ಜಾಕಿರ್ ಮೋಟರ್ ವೈಂಡಿಂಗ್ ಸಂಸ್ಥೆಗೆ. ಹೊಸ ಕೆಲಸಕ್ಕಾಗಿ ಒಂದನ್ನು ಒತ್ತಿರಿ. ಹಳೆಯ ಕೆಲಸದ ಪ್ರಗತಿ ತಿಳಿಯಲು ಎರಡನ್ನು ಒತ್ತಿರಿ. ಮನೆಯವರಿಗಾಗಿ ಸೊನ್ನೆಯನ್ನು ಒತ್ತಿರಿ.” (ಸಂಸ್ಥೆ ಅಂದರೆ ನಾನು ಮತ್ತು ಒಂದು ಸ್ಟೂಲು.) ಒಂದು ಒತ್ತಿದರೆ ಅಂಗಡಿಯಲ್ಲಿ ಗಂಟೆ, ಸೊನ್ನೆ ಒತ್ತಿದರೆ ಮಹಡಿಯ ಎಕ್ಸ್‌ಟೆನ್ಷನ್‌ ಫೋನಿನಲ್ಲಿ. ಎರಡು ಒತ್ತಿದರೆ ಎಲ್ಲಿಯೂ ಗಂಟೆಯಿಲ್ಲ; ಗಿರಾಕಿಯ ಮಾತು ವಾಯ್ಸ್‌ಮೇಲ್‌ನಲ್ಲಿ ರೆಕಾರ್ಡ್ ಆಗಿ ತಣ್ಣಗೆ ಕೂತಿರುತ್ತಿತ್ತು. ಆ ಗುಂಡಿಗೋಸ್ಕರವೇ ನಾನು ಪೆಟ್ಟಿಗೆ ತಂದದ್ದು.

ಒಂದು ವಾರ ಸ್ವರ್ಗದಂತಿತ್ತು. ಆಮೇಲೆ ರೆಕಾರ್ಡ್ ಆದದ್ದನ್ನು ಕೇಳಿದೆ. ಹಳ್ಳಿಯ ಹಳೇ ಫೋನುಗಳಲ್ಲಿ ಏನು ಒತ್ತಿದರೂ ಪೆಟ್ಟಿಗೆಗೆ ತಿಳಿಯುತ್ತಿರಲಿಲ್ಲ; ಹೊಸ ಕೆಲಸ ತಂದವರನ್ನೂ ಅದು ವಾಯ್ಸ್‌ಮೇಲ್‌ಗೇ ನೂಕಿತ್ತು. ಅಜ್ಜಪ್ಪ ಎಂಬ ರೈತ ಒಂದೊಂದು ಮಾತಿಗೂ ನಿಂತು ಉತ್ತರಕ್ಕೆ ಕಾದಿದ್ದ. ಕೊನೆಗೆ, “ನಾನೊಬ್ನೇ ಮಾತಾಡ್ತಾ ಇದೀನಿ, ನೀನು ಹೂಂ ಆದ್ರೂ ಅನ್ನಪ್ಪ” ಎಂದು ಬೇಜಾರಿನಿಂದ ಇಟ್ಟಿದ್ದ. ಮೊಳಕಾಲ್ಮೂರು ಕಡೆಯ ಯರ್ರಮ್ಮ ನನ್ನ ಧ್ವನಿ ಗುರುತು ಹಿಡಿದು, ತೆಲುಗಿನಲ್ಲಿ ನನ್ನ ಆರೋಗ್ಯ ವಿಚಾರಿಸಿ, ಉತ್ತರ ಬಾರದ್ದಕ್ಕೆ ಬೈದಿದ್ದಳು. ಅಲ್ಲಿಗೆ ಪೆಟ್ಟಿಗೆಯ ಹೊಟ್ಟೆ ತುಂಬಿಹೋಗಿತ್ತು.

ಅದನ್ನು ಖಾಲಿ ಮಾಡುವ ವಿಧಾನ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಶುಕ್ರವಾರ ಬಂತು. ಮೊಳಕಾಲ್ಮೂರಿನ ಸೋಮಶೇಖರಪ್ಪನವರು ಅಂದು ಫೋನ್ ಮಾಡುತ್ತೇನೆ ಎಂದಿದ್ದರು. ಅವರ ಕೈಯಲ್ಲಿ ಹತ್ತಾರು ದಾಳಿಂಬೆ ತೋಟಗಳ ಬೋರ್‌ವೆಲ್‌ಗಳಿದ್ದವು. ಮೋಟರು ರಿಪೇರಿಯನ್ನೆಲ್ಲ ಒಂದೇ ಅಂಗಡಿಗೆ ಕೊಡುವ ಯೋಚನೆಯಲ್ಲಿದ್ದರು. ನಾನು ಎರಡು ಸಲ ಬಸ್ಸು ಹತ್ತಿ ಹೋಗಿ, ಯಾವ ಮೋಟರಾದರೂ ನಾಲ್ಕೇ ದಿನ ಎಂದು ಆಣೆ ಮಾಡಿ ಬಂದಿದ್ದೆ. ಅವರು ಫೋನ್ ಮಾಡಿದಾಗ ನಾನು ಜುಮ್ಮಾ ನಮಾಜಿಗೆ ಹೋಗಿದ್ದೆ. ಒಂದು ಒತ್ತಿದರೆ ಎತ್ತುವವರಿಲ್ಲ. ಎರಡು ಒತ್ತಿದರೆ ಜಾಗವಿಲ್ಲ. ಅವರು ಸೊನ್ನೆ ಒತ್ತಿದರು.

ಇದನ್ನು ಕೌಸರ್ ನನಗೆ ಅನ್ನ ಬಡಿಸುತ್ತಾ ತಿಳಿಸಿದಳು. “ನಾಲ್ಕು ದಿನ ಅಂದ್ರೆ ನಿಜವಾಗ್ಲೂ ನಾಲ್ಕೇ ದಿನಾನಾ ಅಂತ ಕೇಳಿದ್ರು.”

ತುತ್ತು ಕೈಯಲ್ಲೇ ನಿಂತಿತು. ನೀನೇನಂದೆ ಎಂದು ಕೇಳಿದೆ.

“ಎಂಟು ದಿನ ಅಂತ ಹಿಡ್ಕೊಳ್ಳಿ ಅಂದೆ. ಆದ್ರೆ ಇವರು ಸುತ್ತಿದ ಮೋಟ್ರು ಸುಟ್ಟು ವಾಪಸ್ ಬಂದಿದ್ದು ನಾನು ನೋಡಿಲ್ಲ ಅಂತಾನೂ ಅಂದೆ.”

ಮದುವೆಯಾದ ಒಂಬತ್ತು ವರ್ಷದಲ್ಲಿ ನನ್ನ ಮುಂದೆ ಅವಳು ನನ್ನ ಕೆಲಸವನ್ನು ಹೊಗಳಿದ್ದಿಲ್ಲ. ಬೈಯಬೇಕೋ ಹಿಗ್ಗಬೇಕೋ ತಿಳಿಯದೆ ಮಜ್ಜಿಗೆ ಕುಡಿದು ಕೆಳಗಿಳಿದೆ.

ಸೋಮವಾರ ಟೆಂಪೋದಲ್ಲಿ ಹನ್ನೊಂದು ಮೋಟರು ಬಂದವು, ಜೊತೆಗೊಂದು ಚೀಟಿ. ‘ರಿಪೇರಿ ಅಂಗಡಿಯವರ ಬಾಯಲ್ಲಿ ಇದುವರೆಗೆ ನಿಜವಾದ ದಿನ ಕೇಳಿರಲಿಲ್ಲ. ಎಂಟು ದಿನಕ್ಕೇ ಕೊಡಿ. ವಿಚಾರಿಸುವುದಿದ್ದರೆ ನಿಮ್ಮ ಮನೆಯವರನ್ನೇ ವಿಚಾರಿಸುತ್ತೇನೆ.’

ಸುದ್ದಿ ಹಬ್ಬಿತು. ಅಂಗಡಿಗೆ ಬಂದವರೂ ನನ್ನನ್ನು ಬಿಟ್ಟು ಮಹಡಿಯ ಕಡೆ ಕತ್ತೆತ್ತಿ ದಿನ ಕೇಳತೊಡಗಿದರು. ಕೊನೆಗೆ ದಾವಣಗೆರೆಯಿಂದ ಪೆಟ್ಟಿಗೆಯವನನ್ನು ಕರೆಸಿದೆ. ಅವನು ಅದನ್ನು ಖಾಲಿ ಮಾಡಿ, ಕೌಸರ್ ಧ್ವನಿ ತುಂಬಿಸಿದ. “ಮೋಟ್ರು ಯಾವಾಗ ಸಿಗ್ತೈತೆ ಅಂತ ಕೇಳೋರು ಏನೂ ಒತ್ತಬೇಡಿ, ಸುಮ್ನೆ ಲೈನಲ್ಲಿರಿ, ನಾನೇ ಎತ್ತುತೀನಿ. ಜಾಕಿರ್ ಅವ್ರಿಗೇ ಏನಾದ್ರೂ ಹೇಳ್ಬೇಕು ಅಂದ್ರೆ ಎರಡು ಒತ್ತಿ.”

ಈಗ ಅಂಗಡಿಯಲ್ಲಿ ನಾಲ್ಕು ಜನ ಕೆಲಸಕ್ಕಿದ್ದಾರೆ. ವಾಯ್ಸ್‌ಮೇಲ್ ಪೂರ್ತಿಯಾಗಿ ನನ್ನ ಸ್ವಂತದ್ದು. ಕಳೆದ ತಿಂಗಳು ಅದರಲ್ಲಿ ಒಂದೇ ಒಂದು ಮೆಸೇಜ್ ಬಂದಿತ್ತು. ನಮ್ಮ ಅಮ್ಮಿ, ಇಮಾಂ ಬೀ, ಮೊಳಕಾಲ್ಮೂರಿನಿಂದ ಮಾಡಿದ್ದರು. ಬಾಗಿಲು ಮುಂದೆ ಮಾಡಿಕೊಂಡು ನೆಮ್ಮದಿಯಾಗಿ ಕೂತು ಕೇಳಿದೆ.

“ಬೇಟಾ, ಕೈ ತಪ್ಪಿ ಎರಡು ಒತ್ಬಿಟ್ಟೆ. ಕೌಸರ್‌ಗೆ ಕೊಡು.”