ಅಕ್ಕಿಕಾಳಷ್ಟು ಮಂಡಿ, ಗುಡ್ಡದಷ್ಟು ಅನುಮಾನ

ನನ್ನ ಕೆಲಸವೇ ಅಂಥದ್ದು, ವಾರಕ್ಕೊಬ್ಬರಾದರೂ ನನ್ನನ್ನು ಕಳ್ಳಿಯ ಹಾಗೆ ನೋಡುತ್ತಾರೆ. ಪೆಟ್ಟಾದ ಮಂಡಿಗೆ ಡಾಕ್ಟರು ಸಣ್ಣ ತೂತು ಕೊರೆದು ಆಪರೇಶನ್ ಮಾಡುವಾಗ, ಮೂಳೆಯ ತುದಿಗೆ ಹೊದಿಸಿದಂತಿರುವ ನುಣುಪಾದ ಮೃದ್ವಸ್ಥಿಯಿಂದ ಅಕ್ಕಿಕಾಳಷ್ಟು ಚೂರು ತೆಗೆದು ನನಗೆ ಕೊಡುತ್ತಾರೆ. ಅದೂ ರೋಗಿ ಒಪ್ಪಿದರೆ. ಸಾಗರದ ಲ್ಯಾಬಿನಲ್ಲಿ ನಾನು ಅದನ್ನು ದೊಡ್ಡ ಮೈಕ್ರೋಸ್ಕೋಪಿನಡಿ ಇಟ್ಟು ನೋಡುತ್ತೇನೆ. ಎಕ್ಸ್‌ರೇಗೆ ಕಾಣದ ಸವೆತ ಅಲ್ಲಿ ಶುರುವಿನಲ್ಲೇ ಕಾಣುತ್ತದೆ. ಒಪ್ಪಿಗೆ ಕೇಳುವವಳೂ ನಾನೇ, ಬೈಸಿಕೊಳ್ಳುವವಳೂ ನಾನೇ.

ತೀರ್ಥಹಳ್ಳಿಯ ಗೌಡರು

ಬೈಕಿನಿಂದ ಬಿದ್ದು ಮಂಡಿ ತಿರುಚಿಕೊಂಡಿದ್ದ ಗೌಡರೊಬ್ಬರಿಗೆ, ಮೃದ್ವಸ್ಥಿಯ ಮೇಲ್ಪದರ ಎಳೆಎಳೆಯಾಗಿ ಬಿಡುತ್ತಿದೆ, ಇನ್ನು ಭಾರ ಹೊರಬೇಡಿ ಎಂದೆ. ಅವರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಇದರಲ್ಲಿ ಏನೂ ಇಲ್ಲ ಅಂದಿದ್ದಾರೆ, ನಿಮ್ಮ ಮಿಷನ್ನಿಗೆ ಮಾತ್ರ ಹೇಗೆ ಕಂಡಿತು ಎಂದು ಕೇಳಿದರು. ನೂರಾರು ಪಟ್ಟು ದೊಡ್ಡದು ಮಾಡಿ ನೋಡುತ್ತೇವೆ ಎಂದು ವಿವರಿಸಿದೆ. ಅಲ್ಲಿಗೆ ಅವರ ಅನುಮಾನ ಗಟ್ಟಿಯಾಯಿತು.

"ಅಷ್ಟು ದೊಡ್ಡದು ಮಾಡಿ ನೋಡಿದ್ರೆ ಯಾರಲ್ಲಿ ತಾನೆ ತಪ್ಪು ಸಿಗಲ್ಲ? ನಮ್ಮನೇಲಿ ನನ್ನ ಹೆಂಡ್ತಿ ಮಿಷನ್ನಿಲ್ದೇ ಆ ಕೆಲ್ಸ ಮಾಡ್ತಾಳೆ."

ಹೊಸನಗರದ ಮೇಷ್ಟ್ರು

ಇವರು ಪಿ.ಟಿ. ಮೇಷ್ಟ್ರು, ವಾಲಿಬಾಲ್ ಹುಚ್ಚು. ಹಾರಿ ಇಳಿಯುವಾಗ ಮಂಡಿ ಕೈಕೊಟ್ಟಿತ್ತು. ಇನ್ನು ಆರು ತಿಂಗಳು ಆಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರು ನಂಬಿರಲಿಲ್ಲ. ಕಣ್ಣಾರೆ ನೋಡುತ್ತೇನೆಂದು ಹೆಂಡತಿಯ ಜೊತೆ ಲ್ಯಾಬಿಗೇ ಬಂದರು. ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದೆ. ಒಂದರ ಅಂಚು ನುಣುಪು, ಇನ್ನೊಂದರದ್ದು ಹರಿದ ಸೀರೆಯ ಸೆರಗಿನ ಹಾಗೆ. ಮೇಷ್ಟ್ರು ನುಣುಪಾದದ್ದು ತಮ್ಮದೆಂದರು. ಅಲ್ಲ ಎಂದೆ. ಅದಲು ಬದಲಾಗಿರಬೇಕು, ಸರಿಯಾಗಿ ನೋಡಿ ಎಂದು ಪಟ್ಟು ಹಿಡಿದರು. ಕೊನೆಗೆ ನಿಜ ಹೇಳಲೇಬೇಕಾಯಿತು. ಅದು ಹೋಲಿಸಲು ಇಟ್ಟುಕೊಂಡಿದ್ದ ಆಡಿನ ಮಂಡಿ.

ಮೇಷ್ಟ್ರು ಇನ್ನಷ್ಟು ಬಗ್ಗಿ ಆ ಚಿತ್ರವನ್ನೇ ನೋಡತೊಡಗಿದರು. ಅವರ ಹೆಂಡತಿ ಮೆಲ್ಲಗೆ, "ನೋಡಿ, ಆಡು ವಾಲಿಬಾಲ್ ಆಡಲ್ಲ" ಎಂದರು.

ಅಮ್ಮ ಎತ್ತಿದ ಫೋನು

ಆ ಆಡಿನ ಮಂಡಿಗಳನ್ನು ನಾನು ತರುವುದು ಸಾಗರದ ಒಂದು ಮಟನ್ ಅಂಗಡಿಯಿಂದ. ಮಾಂಸ ಬೇಡ, ಮಂಡಿ ಸಾಕು, ಆದರೆ ಒಳಗೆ ಚಾಕು ತಾಗಿರಬಾರದು ಎಂದಾಗ ಅಂಗಡಿಯವರು ನನ್ನನ್ನು ಬಹಳ ಹೊತ್ತು ನೋಡಿದ್ದರು. ನಿಟ್ಟೂರಿನ ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವ ಹಾಗೂ ಇಲ್ಲ. ಹಾಗಾಗಿ ಈ ವಿಷಯ ಅಮ್ಮನಿಗೆ ಹೇಳಿರಲಿಲ್ಲ.

ಒಮ್ಮೆ ಅಮ್ಮ ನನ್ನ ರೂಮಿಗೆ ಬಂದಿದ್ದಳು. ನಾನು ಬಚ್ಚಲಲ್ಲಿದ್ದಾಗ ಫೋನ್ ಬಂತು. ಅಮ್ಮ ಎತ್ತಿ, ಅಭ್ಯಾಸದಂತೆ ಸ್ಪೀಕರ್ ಹಾಕಿದಳು.

"ಒಳ್ಳೆ ಮಂಡಿ ಬಂದಿದೆ ಮೇಡಂ" ಎಂದಿತು ಅಂಗಡಿಯವರ ದನಿ. ಬಚ್ಚಲಿಗೂ ಕೇಳಿಸಿತು, ನಾನು ಗಡಿಬಿಡಿಯಲ್ಲಿ ಟವೆಲ್ ಹುಡುಕಿದೆ. ಆದರೆ ಅಡಿಕೆ ಬೆಳೆಯುವ ಮನೆಯವಳಿಗೆ ಮಂಡಿ ಅಂದರೆ ಒಂದೇ, ಅಡಿಕೆ ಕೊಳ್ಳುವವರ ಮಂಡಿ. ಮಗಳು ವ್ಯಾಪಾರ ಕುದುರಿಸಿದ್ದಾಳೆಂದುಕೊಂಡ ಅಮ್ಮ, ನಮ್ಮನೆಯಲ್ಲೇ ಐದಾರು ಕ್ವಿಂಟಾಲ್ ಇದೆ, ತಗೋತೀರಾ ಎಂದು ಕೇಳಿಬಿಟ್ಟಳು.

ಆ ಕಡೆಯಿಂದ ಬಹಳ ಸಣ್ಣ ದನಿಯಲ್ಲಿ, "ಅಷ್ಟೊಂದು... ಯಾರ್ದಮ್ಮಾ?"

"ನಮ್ಮದು, ನಮ್ಮ ಭಾವನವ್ರದ್ದು, ಎರಡೂ ಸೇರಿ. ಎಲ್ಲ ಸುಲಿದು, ಬೇಯಿಸಿ, ಒಣಗಿಸಿ ಇಟ್ಟಿದ್ದೀವಿ."

ಫೋನ್ ಕಟ್ಟಾಯಿತು. ಒದ್ದೆ ತಲೆಯಲ್ಲೇ ಓಡಿಬಂದ ನನಗೆ ಅಮ್ಮ ಫೋನ್ ಚಾಚಿದಳು.

"ಇವನ ಹತ್ರ ವ್ಯಾಪಾರ ಬೇಡ ಕೂಸೇ. ಮಾತು ಕೇಳಿರೆ, ಎನಗೆ ಎಂತೋ ಅನುಮಾನ ಬತ್ತು."