ಮಾಮಾನ ಕಪ್ಪು ಗೆರೆ

ನನ್ನ ಸೋದರಮಾವನನ್ನು ಮನೆಗೆ ಕರೆಯುವವರು ಮೊದಲು ತಮ್ಮ ಬೆರಳುಗಳನ್ನು ಬಚ್ಚಿಟ್ಟುಕೊಳ್ಳಬೇಕು! ಬೈಕುಲ್ಲಾದ ಸಣ್ಣ ಲ್ಯಾಬೊಂದರಲ್ಲಿ ಜೀವಮಾನವೆಲ್ಲ ರಕ್ತ ಪರೀಕ್ಷಿಸಿದ ಮಾಮಾ ನಿವೃತ್ತರಾದರು, ಅವರ ಸೂಜಿ ಮಾತ್ರ ಆಗಿಲ್ಲ. ಅದರಿಂದ ತಪ್ಪಿಸಿಕೊಂಡು ಓಡುವುದರಲ್ಲೇ ನನ್ನ ಬಾಲ್ಯ ಕಳೆಯಿತು.

ಒಮ್ಮೆ ವಿಕ್ರೋಳಿ ಸ್ಟೇಷನ್ನಿನ ಹೊರಗೆ ಪಾನಿಪೂರಿ ಕೊಡಿಸಿದರು. ತಿನ್ನಲು ಬಿಟ್ಟರೆ ತಾನೆ? ಪೂರಿಗೆ ನೀರು ತುಂಬಿಸಿ ಎತ್ತಿ ಹಿಡಿದರು.

"ನೋಡಿಲ್ಲೆ, ಉಪ್ಪು ಕಡಿಮಿ ಇದ್ದ ನೀರಾಗ ಬಿಟ್ರ ಕೆಂಪು ರಕ್ತಕಣ ನೀರು ಎಳಕೊಂಡು ಉಬ್ಬತಾವ. ತಡೀಲಾರದ ಒಡೀತಾವ!"

ಪೂರಿ ಒಡೆದದ್ದು ನನ್ನ ಹೊಸ ಕುರ್ತಾದ ಮೇಲೆ!

"ಕಾಕಾ, ಖಾನಾ ಹೈ ಕಿ ಪಢಾನಾ ಹೈ?" ತಿನ್ನುವುದೋ ಪಾಠ ಹೇಳುವುದೋ ಎಂದು ರೇಗಿದ ಪಾನಿಪೂರಿಯ ಭಯ್ಯಾ.

ಇದನ್ನೂ ಸಹಿಸಬಹುದಿತ್ತು. ಆದರೆ ನನ್ನನ್ನು ನೋಡಲು ಗಂಡಿನವರು ಬಂದ ದಿನ? ಹುಡುಗ ನನಗೆ ಮೊದಲ ನೋಟಕ್ಕೇ ಹಿಡಿಸಿಬಿಟ್ಟಿದ್ದ. ಅವನ ತಂದೆ, "ಕುಂಡಲಿ ತಂದೀವ್ರಿ" ಎಂದರು.

"ಅದಿರಲಿ ಬಿಡ್ರಿ, ಎರಡು ಹನಿ ರಕ್ತ ಕೊಡ್ರಿ" ಎಂದರು ಮಾಮಾ!

ಅವ್ವ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಹುಡುಗನ ತಾಯಿ ಮಗನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ನನಗೋ, ಭೂಮಿ ಬಾಯಿ ಬಿಡಬಾರದೇ ಎನಿಸಿತು. ಹುಡುಗ ಮಾತ್ರ ನಗುತ್ತ ಬೆರಳು ಚಾಚಿದ. ಇನ್ನು ನಾನು ಓಡುವುದೆಲ್ಲಿಗೆ?

ತಟ್ಟೆಗಳ ನಡುವೆ ಎರಡು ಗಾಜಿನ ನಳಿಕೆ, ಅವುಗಳಲ್ಲಿ ತೆಳು ಉಪ್ಪುನೀರು, ನಮ್ಮಿಬ್ಬರ ರಕ್ತ. ಅರ್ಧ ಗಂಟೆ ಯಾರೂ ಉಪ್ಪಿಟ್ಟು ಮುಟ್ಟಲಿಲ್ಲ. ಆಮೇಲೆ ಮಾಮಾ ಜೇಬಿನಿಂದ ಕಪ್ಪು ಗೆರೆ ಎಳೆದ ಹಳೆಯ ಕಾರ್ಡು ತೆಗೆದು ನಳಿಕೆಯ ಹಿಂದೆ ಹಿಡಿದರು.

"ಹುಡುಗನ ಕಣ ಒಡದಾವ. ನೀರು ತಿಳಿ ಆಗೇದ, ಗೆರಿ ಕಾಣ್ತದ. ಪಾಸ್!"

ಒಡೆದರೆ ಪಾಸಾಗುವ ಪರೀಕ್ಷೆ ಲೋಕದಲ್ಲಿ ಇನ್ನೊಂದುಂಟೇ?

ನನ್ನ ನಳಿಕೆ ಮಬ್ಬಾಗಿತ್ತು. ಗೆರೆ ಕಾಣಲೇ ಇಲ್ಲ. ಮಾಮಾನ ಮುಖ ಬಿಳುಪೇರಿತು.

"ನಿನ್ನವು ಒಡದಿಲ್ಲವ್ವ. ಥಲಸ್ಸೀಮಿಯಾ ಅನ್ನೋ ರಕ್ತದ ಬ್ಯಾನಿ ಅಂಶ ಇರಬಹುದು. ದವಾಖಾನ್ಯಾಗ ಪಕ್ಕಾ ಮಾಡಸೋಣು. ನಿನಗೇನೂ ತ್ರಾಸಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಇದ್ರ ಮಾತ್ರ ಹುಟ್ಟೋ ಕೂಸಿಗೆ ಕಷ್ಟ."

"ಪಕ್ಕಾ ಮಾಡಿಸಿದ ಮ್ಯಾಲ ನಮ್ಮದು ನಡೀತದಲ್ರೀ ಮಾಮಾ?" ಎಂದ ಹುಡುಗ, ನನ್ನ ಕಡೆ ನೋಡುತ್ತ.

ಮಾಮಾ ಹೌದೆಂದು ತಲೆಯಾಡಿಸಿದರು. ಕೈಯಲ್ಲಿದ್ದ ಕಾರ್ಡು ಜಾರಿ ಬಿತ್ತು. ಎತ್ತಿಕೊಟ್ಟಾಗ ಅದರ ಹಿಂಬದಿ ನೋಡಿದೆ. ತೊಟ್ಟಿಲು ಕಾರ್ಯಕ್ರಮದ ಆಮಂತ್ರಣ! ಕೆಳಗೆ ಮಾಮಾ ಮತ್ತು ಮಾಮಿಯ ಹೆಸರು. ನಾಲ್ಕು ವರ್ಷಕ್ಕೇ ತೀರಿಕೊಂಡ ಅವರ ಮಗಳನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ.

"ದೊಡ್ಡ ಅಕ್ಕನ ಮಗಳನ್ನ ಲಗ್ನ ಆದೆ. ಊರ ಮಂದಿ ರಕ್ತ ಎಲ್ಲಾ ನೋಡಿದೆ" ಎಂದರು ಮಾಮಾ. "ನಮ್ಮಿಬ್ಬರದು ನೋಡಲಿಲ್ಲ."

ಇಷ್ಟು ವರ್ಷ ಬಚ್ಚಿಟ್ಟುಕೊಂಡು ಓಡಿದ ಅದೇ ಬೆರಳುಗಳಿಂದ ಮಾಮಾನ ಕೈ ಹಿಡಿದುಕೊಂಡೆ.