ತಿರುಗುಮಣೆಯ ಮೇಲೆ ಅರಳಿಮರ

"ಬರೆದಿಟ್ಕೊಳೇ ಮಂಗಮ್ಮ! ಸೋಮವಾರ ಸಾಯಂಕಾಲಕ್ಕೆ ನಿನ್ನ ಗಂಡ ಸೂಪರ್‌ವೈಸರು!"

ಹೀಗೆ ಘೋಷಿಸಿದ ಅಶ್ವತ್ಥಪ್ಪ ಹೊಸೂರಿನ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ನಿಂತೇ ಕಾಲು ಸವೆಸಿಕೊಂಡಿದ್ದವನು. ಸೂಪರ್‌ವೈಸರಿಗಾದರೆ ಕುರ್ಚಿ ಉಂಟು! ಆ ಜಾಗ ಈಗ ಖಾಲಿಯಾಗಿತ್ತು. ಪೈಪೋಟಿಗಿದ್ದವನು ಕದಿರಪ್ಪನೊಬ್ಬನೇ. ಅವನೋ, ಟೀ ಲೋಟ ಬಿಟ್ಟರೆ ಬೇರೆ ಯಾವ ಸಲಕರಣೆಯನ್ನೂ ನೆಟ್ಟಗೆ ಹಿಡಿದವನಲ್ಲ.

ಮ್ಯಾನೇಜರ್ ಸಾಹೇಬರಿಗೆ ಬೋನ್ಸಾಯ್ ಹುಚ್ಚು. ಆಕಾಶಕ್ಕೆ ಬೆಳೆಯಬೇಕಾದ ಮರವನ್ನು ಕತ್ತರಿಸಿ, ತಂತಿ ಸುತ್ತಿ, ಬಗ್ಗಿಸಿ, ತಟ್ಟೆಯಲ್ಲಿ ಕುಳ್ಳಗೆ ಕೂರಿಸುವ ವಿದ್ಯೆ ಅದು. "ನಮ್ಮನೇಲೂ ಒಂದೈತೆ ಸಾರ್" ಎಂದು ಅಶ್ವತ್ಥಪ್ಪ ನಾಲಿಗೆ ಹರಿಯಬಿಟ್ಟಿದ್ದ. ಸಾಹೇಬರು ಕಣ್ಣರಳಿಸಿ, "ಸೋಮವಾರ ರಜಾ ಅಲ್ವಾ? ನಾಲ್ಕು ಗಂಟೆಗೆ ಬರ್ತೀನಿ. ಕತ್ತರಿಸಿ ರೂಪ ಕೊಟ್ಟಿರು. ನಿನ್ನ ಕೈಚಳಕ ನೋಡೇಬಿಡೋಣ" ಎಂದುಬಿಟ್ಟರು. ಕರೆಂಟಿನ ಕೊರತೆಯಿಂದ ಆ ಕಾರ್ಖಾನೆಗೆ ಸೋಮವಾರವೇ ವಾರದ ರಜೆ.

ಮನೆಯಲ್ಲಿದ್ದದ್ದು ಹಾಳುಬಾವಿಯ ಗೋಡೆಯಿಂದ ಕಿತ್ತು ತಂದ ಅರಳಿ ಸಸಿ. ಮಂಗಮ್ಮನ ಸಿಲ್ವಾರದ ಬೋಗುಣಿಯಲ್ಲಿ, ಕತ್ತರಿಯನ್ನೇ ಕಾಣದೆ, ದಿಕ್ಕಿಗೊಂದು ಕೊಂಬೆ ಚಾಚಿಕೊಂಡು ನಿಂತಿತ್ತು.

"ಇದಕ್ಕೆ ಕಟಿಂಗ್ ಮಾಡಿದ್ರೆ ಕುರ್ಚಿ ಕೊಡ್ತಾರಾ? ಹಂಗಾದ್ರೆ ಸಲೂನ್ ಮುನಿಶಾಮಿ ಇಷ್ಟೊತ್ತಿಗೆ ಕಂಪನಿ ಓನರ್ ಆಗ್ಬೇಕಿತ್ತು!" ಎಂದಳು ಮಂಗಮ್ಮ.

"ಕಲೆ ಕಣೇ ಇದು, ಕಲೆ!"

"ಕಲೆ ಮನೆ ಹಾಳಾಗ್ಲಿ, ನನ್ನ ಬೋಗುಣಿ ಯಾವಾಗ ವಾಪಸ್ ಕೊಡ್ತೀರ?"

ಅಶ್ವತ್ಥಪ್ಪನ ಗಮನವೆಲ್ಲ ಮರದ ಮೇಲೆ. ಮರವನ್ನು ನಾಲ್ಕೂ ಕಡೆಯಿಂದ ತಿರುಗಿಸಿ ನೋಡಿ ಕತ್ತರಿಸಬೇಕಲ್ಲ! ಅದಕ್ಕೆಂದೇ ಗುಜರಿ ಅಂಗಡಿಯಿಂದ ಬೇರಿಂಗ್ ತಂದು, ಲೇತ್‌ನಲ್ಲಿ ಕಬ್ಬಿಣದ ತಟ್ಟೆ ಕಡೆದು ಕೂರಿಸಿ, ತಿರುಗುಮಣೆಯೊಂದನ್ನು ತಾನೇ ಮಾಡಿದ್ದ. ಸೋಮವಾರ ಬೆಳಗ್ಗೆ ಆಲಸನತ್ತ ಬಡಾವಣೆಯ ತನ್ನ ಮನೆಯ ವರಾಂಡದಲ್ಲಿ ಮರವನ್ನು ಅದರ ಮೇಲೇರಿಸಿ, ಯುದ್ಧಕ್ಕೆ ಹೊರಟ ದಳವಾಯಿಯ ಠೀವಿಯಲ್ಲಿ ಕತ್ತರಿ ಎತ್ತಿದ.

"ಲೋ! ಕೈ ಇಳ್ಸ್ಲಾ ಪಾಪಿ!"

ಬಾಗಿಲಲ್ಲಿ ಅವನವ್ವ ಪಿಳ್ಳಮ್ಮ! ಮಂಡಿನೋವಿಗೆ ಔಷಧಿ ಮಾಡಿಸಿಕೊಳ್ಳಲು ಡೆಂಕಣಿಕೋಟೆಯಿಂದ ಬಂದಿದ್ದವಳು, ಆ ಮಂಡಿಯನ್ನೂ ಮರೆತು ಓಡಿ ಬಂದಳು.

"ಇವತ್ತು ಅಮಾಸೆ ಸೋಮ್ವಾರ. ಊರೋರೆಲ್ಲ ಅರಳಿಮರ ಸುತ್ತೋ ದಿನ ನೀನು ಕೊಂಬೆ ಕಡೀತೀಯೇನ್ಲಾ? ಈ ಸಾಮೀನ ಸುತ್ತಿ ಸುತ್ತಿ ನಿನ್ನ ಹೆತ್ತಿದ್ದು! ಅದ್ಕೇ ಅಶ್ವತ್ಥ ಅಂತ ಹೆಸರಿಟ್ಟಿದ್ದು!"

"ಅವ್ವಾ, ನಾಲ್ಕು ಗಂಟೆಗೆ ಮ್ಯಾನೇಜರು..."

"ಮ್ಯಾನೇಜರನ್ನೂ ಅವರವ್ವ ಮರ ಸುತ್ತೇ ಹೆತ್ತಿರ್ತಾಳೆ, ತತ್ತಾ ಇಲ್ಲಿ!" ಕತ್ತರಿ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

ಆಮೇಲೆ ಪಿಳ್ಳಮ್ಮ ಮರಕ್ಕೆ ಅರಿಸಿನ ಕುಂಕುಮವಿಟ್ಟು ಸುತ್ತತೊಡಗಿದಳು. ಅರ್ಧ ಸುತ್ತಿಗೇ ಮಂಡಿ 'ಕಳಕ್' ಎಂದಿತು. "ಅಯ್ಯಪ್ಪಾ!" ಎಂದು ಮಣೆ ಹಿಡಿದು ಕುಸಿದಳು. ಹಿಡಿದದ್ದೇ ತಡ, ಮಣೆ ಸದ್ದಿಲ್ಲದೆ ತಿರುಗಿತು. ಅದರೊಂದಿಗೆ ಮರವೂ! ಮುದುಕಿಯ ಮುಖ ಅರಳಿತು.

"ನಾನು ಸಾಮೀನ ಸುತ್ತಿದ್ರೇನು, ಸಾಮೀನೇ ನನ್ಮುಂದೆ ಸುತ್ತಿದ್ರೇನು? ಲೆಕ್ಕ ಒಂದೇ ಕಣೇ ಮಂಗಮ್ಮ!"

ಪಕ್ಕದ ಮನೆಯ ಸಾಕಮ್ಮ ಇದನ್ನು ಕಾಂಪೌಂಡಿನ ಮೇಲಿಂದ ನೋಡಿಬಿಟ್ಟಳು. ಮುಗಿಯಿತಲ್ಲ ಕಥೆ! ಸರಿಯಾದ ಅರಳಿಕಟ್ಟೆಗೆ ಹೋಗಬೇಕಾದರೆ ಲಾರಿಗಳ ಹೆದ್ದಾರಿ ದಾಟಬೇಕು. ಇಲ್ಲಾದರೋ ಕೂತಲ್ಲೇ ಪ್ರದಕ್ಷಿಣೆ! ಸೊಂಟ ಹಿಡಿದವರು, ಮಂಡಿ ಊದಿದವರು, ಏನೂ ಆಗದಿದ್ದರೂ ಸೋಮಾರಿಗಳಾದವರು, ಎಲ್ಲರೂ ಚೊಂಬು ಹಿಡಿದು ಬಂದರು. "ಒಬ್ಬೊಬ್ಬರಾಗಿ ಬನ್ನಿ! ತಿರುಗಿಸಿದೋರು ಏಳಿ!" ಎಂದು ಮಂಗಮ್ಮ ಕಾರುಬಾರಿಗೆ ನಿಂತಳು.

ಗಡಿಯಾರದ ಮುಳ್ಳು ಮರಕ್ಕಿಂತ ಜೋರಾಗಿ ತಿರುಗುತ್ತಿತ್ತು. ಬೋಗುಣಿ ತುಂಬ ಹಾಲು, ನೀರು. ಮರವೋ ಹಾಗೇ ಕೆದರಿಕೊಂಡಿದೆ! ಕೊನೆಗೆ ಅಶ್ವತ್ಥಪ್ಪನಿಗೆ ಒಂದು ಉಪಾಯ ಹೊಳೆಯಿತು. ಕೈಮುಗಿದು ಬಂದು ಮರಕ್ಕೆ ಹಣೆ ಹಚ್ಚುವುದು, ಹಚ್ಚಿದಾಗ ಉಗುರಿನಲ್ಲಿ ಒಂದು ಚಿಗುರು ಚಿವುಟುವುದು. ಮತ್ತೆ ಬರುವುದು, ಮತ್ತೆ ಚಿವುಟುವುದು.

"ಎಂಥಾ ಭಕ್ತಿ! ನಮ್ಮನೇಲೂ ಒಬ್ರವ್ರೆ, ತಟ್ಟೆಗೆ ಬಿಟ್ರೆ ಬೇರೆ ಯಾವ್ದಕ್ಕೂ ಬಗ್ಗಲ್ಲ!" ಎಂದು ಸಾಕಮ್ಮ ಹೊಗಳಿದಳು. ಅವನು ಚಿವುಟಿದ ಚಿಗುರನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡ.

ಮೂರೂವರೆ ದಾಟಿತು. ಸಾಕಮ್ಮನ ಸರದಿ ಬಂತು. ಒಲೆಯ ಮೇಲೆ ಹುರುಳಿ ಬೇಯಲಿಟ್ಟು ಬಂದಿದ್ದ ಅವಳಿಗೆ ಎಲ್ಲಿಲ್ಲದ ಅವಸರ. ಮಣೆಯನ್ನು ರಾಗಿಕಲ್ಲಿನಂತೆ ಗರಗರ ಬೀಸಿದಳು. ಎಲೆ ಹಾರಿದವು, ಹಾಲು ಚಿಮ್ಮಿತು!

"ನಿಲ್ಸಮ್ಮಾ! ನಿಲ್ಸು!"

ಅಶ್ವತ್ಥಪ್ಪ ಎಗರಿ ಹಿಡಿದ. ಬೋಗುಣಿ ಜಾರಿತು, ಮರ ಬುಡಮೇಲಾಗಿ ಅವನ ಮಡಿಲಿಗೆ ಬಿತ್ತು. 'ಚಟಕ್!' ದೊಡ್ಡ ಕೊಂಬೆಯೇ ಮುರಿಯಿತು. ಬೆಳಗ್ಗೆ ಅವನು ಕತ್ತರಿಸಬೇಕೆಂದಿದ್ದದ್ದೂ ಅದೇ ಕೊಂಬೆ. ಖುಷಿಪಡುವ ಧೈರ್ಯವಾದರೂ ಎಲ್ಲಿತ್ತು? ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ಕಲ್ಲಾಗಿ ನಿಂತಿದ್ದರು.

ಅಷ್ಟರಲ್ಲಿ ಗೇಟಿನ ಮುಂದೆ ಜೀಪು ನಿಂತಿತು.

ಮ್ಯಾನೇಜರು ಬೂಟು ಬಿಚ್ಚಿ ಒಳಗೆ ಬಂದರು. ಹಾಲು ಮೆತ್ತಿದ ಅಶ್ವತ್ಥಪ್ಪನನ್ನು ನೋಡಿದರು. ಅವನ ಮಡಿಲ ಮರವನ್ನು ನೋಡಿದರು. ಖಾಲಿ ಮಣೆ ಮಾತ್ರ ಇನ್ನೂ ತಿರುಗುತ್ತಲೇ ಇತ್ತು. ಸಾಹೇಬರು ಕುಕ್ಕರುಗಾಲಲ್ಲಿ ಕೂತು ಬೆರಳಿಂದ ಮತ್ತೊಮ್ಮೆ ತಿರುಗಿಸಿದರು.

"ಪ್ರಮಾದಂ!"

ಸಾಹೇಬರ ತಮಿಳಿನಲ್ಲಿ ಅದು ಹೊಗಳಿಕೆ, ಕನ್ನಡದಲ್ಲಿ ಅನಾಹುತ. ಯಾವುದೆಂದು ತಿಳಿಯದೆ ಅಶ್ವತ್ಥಪ್ಪ ಅವರ ಮುಖ ನೋಡಿದ.

"ಈ ಮಣೆ ಕಡೆದವರು ಯಾರು?"

"ನಾನೇ ಸಾರ್."

"ಅಪ್ಪಪ್ಪಾ! ಎಳ್ಳಷ್ಟೂ ಓಲಾಟ ಇಲ್ಲವಲ್ಲಯ್ಯಾ! ಇಂಥಾ ಕೈಯನ್ನ ಲೇತ್ ಬಿಡಿಸಿ ಕುರ್ಚೀಲಿ ಕೂರಿಸೋದಾ? ನಾನು ಬದುಕಿರೋವರೆಗೂ ಆಗಲ್ಲ! ಸೂಪರ್‌ವೈಸರ್ ಕೆಲಸ ಆ ಕದಿರಪ್ಪನಿಗೇ ಕೊಟ್ಟುಬಿಡ್ತೀನಿ. ಅವನು ಮಷೀನ್ ಮುಟ್ಟದಿದ್ರೇ ಕಂಪನಿಗೆ ಲಾಭ!"

ಜೀಪು ಹೊರಟುಹೋಯಿತು. ಅಶ್ವತ್ಥಪ್ಪ ಕೂತಲ್ಲೇ ಕೂತಿದ್ದ. ಪಿಳ್ಳಮ್ಮ ಕುಂಟುತ್ತಾ ಬಂದು ಮಗನ ತಲೆ ಸವರಿದಳು.

"ಯಾಕ್ಲಾ ಮಗ, ಮಕ ಹಿಂಗೆ ಸಪ್ಪಗೆ ಮಾಡ್ಕಂಡಿದ್ದೀಯ? ಬೆಳಗ್ಗಿಂದ ಸಾಮೀನ ತಿರುಗಿಸ್ತಾ ಒಂದೇ ಒಂದು ಬೇಡ್ಕಂಡಿದ್ದೆ ಕಣ್ಲಾ. 'ನನ್ನ ಮಗ ಈಗ ಮಾಡ್ತಿರೋ ಕೆಲಸ ಯಾವತ್ತೂ ಅವನ ಕೈ ಬಿಟ್ಟು ಹೋಗ್ದಂಗೆ ಕಾಪಾಡಪ್ಪಾ' ಅಂತ. ಎಷ್ಟು ಬಿರ್ರನೆ ನಡೆಸ್ಕೊಟ್ಟ ನೋಡು!"